ಕೊಡಗಿನಲ್ಲಿದ್ದು ಪಿಟೀಲು, ವೀಣೆ ಕಲಿಯುವುದು ಹೇಗೆ? ಕಲಿತು ಬದುಕುವುದು ಹೇಗೆ?

ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಮಗಳು ಪಿಟೀಲು ಕಲಿಯಬೇಕು ಎನ್ನುತ್ತಾಳೆ, ಮಡಿಕೇರಿಯಲ್ಲೇ ಆಗುತ್ತದೆಯೇ, ಮೈಸೂರಿಗೆ ಕಳುಹಿಸಬೇಕೇ? ವೀಣೆ ಒಳ್ಳೆಯದೋ ಪಿಟೀಲು ಒಳ್ಳೆಯದೋ? ಕೊನೆಗೆ, ಸ್ವಲ್ಪ ದನಿ ತಗ್ಗಿಸಿ, ಇದರಿಂದ ಹೊಟ್ಟೆ ತುಂಬುತ್ತದೆಯೇ? ನಮ್ಮ ಜಿಲ್ಲೆಯಲ್ಲಿ ವಾಲಗ, ದುಡಿ, ಕೊಂಬು, ಕೊಟ್ಟು ಯಾವ ಮನೆಗೂ ಹೊಸತಲ್ಲ. ಶಾಸ್ತ್ರೀಯ ತಂತಿವಾದ್ಯ ಕಲಿಸುವವರು ಮಾತ್ರ ವಿರಳ. ಹಾಗಾಗಿ ಪಟ್ಟಣದವರಿಗೆ ಬರೆದ ಸಲಹೆಗಳು ನಮಗೆ ಅರ್ಧ ಮಾತ್ರ ಹೊಂದುತ್ತವೆ. ಉಳಿದ ಅರ್ಧವನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಕೊಡಗಿನ ವಿದ್ಯಾರ್ಥಿಗೆ ಅಡ್ಡ ಬರುವುದು ಹೆಚ್ಚಾಗಿ ಪ್ರತಿಭೆಯ ಕೊರತೆಯಲ್ಲ, ದೂರ ಮತ್ತು ಮಳೆ. ಈ ಎರಡನ್ನೂ ಲೆಕ್ಕಕ್ಕೆ ಹಿಡಿದು ಯೋಜನೆ ಮಾಡಿದರೆ ಜಿಲ್ಲೆಯಲ್ಲೇ ಇದ್ದು ಕೆಲವು ವರ್ಷ ಗಟ್ಟಿಯಾಗಿ ಕಲಿಯಬಹುದು.

1. ವಾದ್ಯ ಯಾವುದು ಎಂದು ನಿರ್ಧರಿಸಿ

ಕರ್ನಾಟಕ ಸಂಗೀತದಲ್ಲಿ ಪಿಟೀಲು ಪಕ್ಕವಾದ್ಯ. ಅಂದರೆ ಹಾಡುವವರ ಅಥವಾ ಕೊಳಲು ನುಡಿಸುವವರ ಜೊತೆಗೆ ಕುಳಿತು ಅವರನ್ನು ಅನುಸರಿಸುವ ವಾದ್ಯ. ಗಾಯನ ಕಚೇರಿ ಎಂದರೆ ಬಹುಮಟ್ಟಿಗೆ ಅಲ್ಲೊಬ್ಬರು ಪಿಟೀಲುವಾದಕರು ಇದ್ದೇ ಇರುತ್ತಾರೆ. ವೀಣೆ ಹೆಚ್ಚಾಗಿ ತನಿಯಾಗಿ ನುಡಿಯುವ ವಾದ್ಯ. ನಾದದಲ್ಲಿ ಅದಕ್ಕೆ ಸಾಟಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ವರ್ಷದಲ್ಲಿ ಎಷ್ಟು ವೇದಿಕೆ ಸಿಗುತ್ತದೆ ಎಂದು ಕೇಳಿದರೆ ಪಿಟೀಲಿಗೆ ಸಿಗುವಷ್ಟು ವೀಣೆಗೆ ಸಿಗುವುದಿಲ್ಲ. ಮೈಸೂರಿನ ಟಿ. ಚೌಡಯ್ಯನವರನ್ನೇ (1895–1967) ನೋಡಿ. ಏಳು ತಂತಿಯ ಪಿಟೀಲು ರೂಢಿಸಿಕೊಂಡು ಹೆಸರಾದ ಅವರ ಕೀರ್ತಿಯ ಬಹುಪಾಲು ದೊಡ್ಡ ಗಾಯಕರ ಪಕ್ಕದಲ್ಲಿ ಕುಳಿತೇ ಬಂದದ್ದು. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಪಿಟೀಲಿನ ದನಿ ಹಿಂದಿನ ಸಾಲಿಗೂ ಮುಟ್ಟಬೇಕಿತ್ತು, ಹೆಚ್ಚುವರಿ ತಂತಿಗಳು ಬಂದದ್ದು ಅದಕ್ಕಾಗಿ.

ವೃತ್ತಿಯ ಆಲೋಚನೆ ಇದ್ದರೆ ಪಿಟೀಲು. ಮನಸ್ಸು ವೀಣೆಯಲ್ಲೇ ನೆಟ್ಟಿದ್ದರೆ ವೀಣೆ, ಆಗ ಪಾಠ ಹೇಳುವುದೂ ಜೀವನದ ಭಾಗ ಎಂದು ಮೊದಲೇ ಒಪ್ಪಿಕೊಳ್ಳಿ. ಸಿತಾರ್, ಸರೋದ್ ಹಿಂದೂಸ್ತಾನಿ ಪದ್ಧತಿಯವು. ನಮ್ಮ ರಾಜ್ಯದಲ್ಲಿ ಅದರ ನೆಲೆ ಧಾರವಾಡದ ಕಡೆ, ಕೊಡಗಿನಿಂದ ಅದು ಬಹಳ ದೂರ. ಪಾಶ್ಚಾತ್ಯ ಪಿಟೀಲಿನ ಬಗ್ಗೆ ಕೊನೆಯ ಹಂತದಲ್ಲಿ ಹೇಳುತ್ತೇನೆ.

ಎಚ್ಚರಿಕೆ: ಪಾಶ್ಚಾತ್ಯ ಕ್ರಮದಲ್ಲಿ ಶುರುಮಾಡಿ ಎರಡು ವರ್ಷದ ಬಳಿಕ ಕರ್ನಾಟಕ ಸಂಗೀತಕ್ಕೆ ಬದಲಾಗೋಣ ಎಂದುಕೊಳ್ಳಬೇಡಿ. ವಾದ್ಯ ಒಂದೇ ಆದರೂ ಅಲ್ಲಿ ನಿಂತು ಅಥವಾ ಕುರ್ಚಿಯ ಮೇಲೆ ಕುಳಿತು, ಗಲ್ಲದ ಅಡಿ ಹಿಡಿದು ನುಡಿಸುತ್ತಾರೆ. ಇಲ್ಲಿ ನೆಲದ ಮೇಲೆ ಕುಳಿತು ಪಿಟೀಲಿನ ತಲೆಯನ್ನು ಬಲಗಾಲಿನ ಹರಡಿನ ಬಳಿ ಇರಿಸುತ್ತಾರೆ. ಎಡಗೈಗೆ ವಾದ್ಯ ಹೊರುವ ಕೆಲಸ ಇಲ್ಲದ್ದರಿಂದಲೇ ಗಮಕಕ್ಕೆ, ಅಂದರೆ ಸ್ವರವನ್ನು ಜಾರಿಸಿ ಆಡಿಸುವುದಕ್ಕೆ, ಬೆರಳು ಸ್ವತಂತ್ರವಾಗುತ್ತದೆ. ತಂತಿಗಳ ಶ್ರುತಿಯೂ ಬೇರೆ. ಅವರದು ಜಿ, ಡಿ, ಎ, ಇ. ನಮ್ಮದು ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮ. ಕೈ ಒಮ್ಮೆ ಕಲಿತದ್ದನ್ನು ಮರೆಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

2. ಅಳತೆ ನೋಡಿ, ಆಮೇಲೆ ಕೊಳ್ಳಿ

ಪಿಟೀಲು ಕಾಲು, ಅರ್ಧ, ಮುಕ್ಕಾಲು, ಪೂರ್ಣ ಎಂಬ ಅಳತೆಗಳಲ್ಲಿ ಬರುತ್ತದೆ. ಮಗುವಿನ ಎಡಗೈಯನ್ನು ಪಕ್ಕಕ್ಕೆ ನೀಳವಾಗಿ ಚಾಚಿಸಿ, ಕತ್ತಿನಿಂದ ಅಂಗೈಯ ನಡುವಿನವರೆಗೆ ಅಳೆಯಿರಿ. ಸುಮಾರು 23 ಇಂಚು ಇದ್ದರೆ ಪೂರ್ಣ ಅಳತೆ ಹೊಂದುತ್ತದೆ, 20 ಇಂಚಿನ ಆಸುಪಾಸು ಅರ್ಧ ಅಳತೆ. ಏಳೆಂಟು ವರ್ಷಕ್ಕೆ ಆರಂಭಿಸಬಹುದು. ಹನ್ನೆರಡಾದರೂ ತಡವೇನಲ್ಲ. ವೀಣೆಗೆ ಬೆರಳು ಮೇಳದ ಮೇಲೆ, ಅಂದರೆ ಮೆಟ್ಟಿಲುಗಳನ್ನು ಕೂರಿಸಿರುವ ಮೇಣದ ಪಟ್ಟಿಯ ಮೇಲೆ, ಎಟುಕಬೇಕು, ಆದ್ದರಿಂದ ಒಂಬತ್ತು ಹತ್ತು ವರ್ಷದವರೆಗೆ ಕಾಯುವುದು ಒಳ್ಳೆಯದು. ಅಷ್ಟರಲ್ಲಿ ಹಾಡುವ ಪಾಠ ಶುರುಮಾಡಿ.

“ಬೆಳೆಯುವ ಮಗು, ದೊಡ್ಡದೇ ಇರಲಿ” ಎಂದು ಪೂರ್ಣ ಅಳತೆಯದನ್ನು ಕೊಳ್ಳುವವರಿದ್ದಾರೆ. ದೊಡ್ಡ ಪಿಟೀಲು ಹಿಡಿದ ಮಗುವಿನ ಮಣಿಕಟ್ಟು ತಿರುಚಿಕೊಳ್ಳುತ್ತದೆ, ಆ ತಿರುಚು ನಂತರ ಸುಲಭಕ್ಕೆ ಹೋಗುವುದಿಲ್ಲ. ಹಾಗೆಯೇ ಆನ್‌ಲೈನ್‌ನಲ್ಲಿ ಸಿಗುವ ತೀರಾ ಅಗ್ಗದ, ಹೊಳೆಯುವ ಬಣ್ಣದ ಪಿಟೀಲುಗಳ ಬಿರಡೆ ನಿಲ್ಲುವುದಿಲ್ಲ. ಬಿರಡೆ ಎಂದರೆ ತಂತಿ ಬಿಗಿಯುವ ಗೂಟ. ಅದು ಜಾರುತ್ತಿದ್ದರೆ ಪಾಠದ ಅರ್ಧ ಹೊತ್ತು ಶ್ರುತಿ ಮಾಡುವುದರಲ್ಲೇ ಹೋಗುತ್ತದೆ. ಮಧ್ಯಮ ಬೆಲೆಯ, ಗುರುಗಳು ಕೈಯಲ್ಲಿ ಹಿಡಿದು ನೋಡಿದ ವಾದ್ಯವೇ ಸಾಕು. ದೊಡ್ಡ ಮಕ್ಕಳು ಬಿಟ್ಟ ಅರ್ಧ, ಮುಕ್ಕಾಲು ಅಳತೆಯವು ಗುರುಗಳ ಪರಿಚಯದಲ್ಲೇ ಸಿಗುವುದುಂಟು, ಕೇಳಲು ಸಂಕೋಚ ಬೇಡ.

ವೀಣೆ ಕೊಳ್ಳುವುದಕ್ಕೆ ಮೈಸೂರಿಗೇ ಹೋಗಿ. ಮೈಸೂರು ವೀಣೆ ಹಲಸಿನ ಮರದ್ದು. 24 ಮೆಟ್ಟಿಲುಗಳು, ನುಡಿಸಲು ನಾಲ್ಕು ತಂತಿ, ತಾಳಕ್ಕೆ ಮೂರು. ಮೆಟ್ಟಿಲುಗಳನ್ನು ಜೇನುಮೇಣಕ್ಕೆ ಕಪ್ಪು ಸೇರಿಸಿ ಮಾಡಿದ ಮೇಳದ ಮೇಲೆ ಕೂರಿಸಿರುತ್ತಾರೆ. ಕೊಳ್ಳುವ ಮುನ್ನ ಪ್ರತಿ ತಂತಿಯಲ್ಲೂ ಪ್ರತಿ ಮೆಟ್ಟಿಲನ್ನು ಒತ್ತಿ ನುಡಿಸಿ ಕೇಳಿ. ಎಲ್ಲಾದರೂ ತಂತಿ ಝರ್ ಎಂದು ಕೆರೆದರೆ ಅಲ್ಲೇ ಸರಿಮಾಡಿಸಿ. ಮನೆಗೆ ತಂದ ಮೇಲೆ ಮೇಳ ಕಟ್ಟುವವರನ್ನು ಕೊಡಗಿನಲ್ಲಿ ಹುಡುಕುತ್ತ ಕೂರಬೇಕಾದೀತು.

ಯಾವಾಗ ಕೊಳ್ಳಬೇಕು? ತುಲಾ ಸಂಕ್ರಮಣ ಕಳೆದ ಮೇಲೆ. ಜೂನ್‌ನಲ್ಲಿ ಹೊಸ ವಾದ್ಯ ತಂದರೆ ಅದು ಮೊದಲು ಕಾಣುವುದೇ ನಾಲ್ಕು ತಿಂಗಳ ತೇವವನ್ನು.

3. ಗುರುವನ್ನು ಆರಿಸಿ

ಮೊದಲ ಮೂರು ನಾಲ್ಕು ವರ್ಷಕ್ಕೆ ಹೆಸರಾಂತ ವಿದ್ವಾಂಸರು ಬೇಕಿಲ್ಲ. ವಾರಕ್ಕೆ ಎರಡು ಸಲ ಎದುರಿಗೆ ಕೂರಿಸಿಕೊಂಡು ಕೈ ತಿದ್ದುವವರು ಬೇಕು. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆ, ಎಲ್ಲಾದರೂ ಸರಿ, ಬಸ್ಸಿನಲ್ಲಿ ಒಂದು ಗಂಟೆಯೊಳಗೆ ತಲುಪುವ ಗುರುಗಳಿದ್ದರೆ ಅವರೇ ಸರಿ. ಪಿಟೀಲು ಕಲಿಸುವವರು ಸಿಗದಿದ್ದರೆ ಒಂದು ವರ್ಷ ಗಾಯನ ಕಲಿಸುವವರ ಬಳಿ ಕಳುಹಿಸಿ. ಅದು ವ್ಯರ್ಥವಾಗುವುದಿಲ್ಲ. ನಮ್ಮ ವಾದ್ಯಗಳು ಹಾಡುಗಾರಿಕೆಯನ್ನೇ ನುಡಿಸುತ್ತವೆ, ಹಾಡಲು ಬಾರದ ಸ್ವರ ಬೆರಳಿಗೂ ಬರುವುದಿಲ್ಲ.

ಮೊದಲ ಭೇಟಿಯಲ್ಲಿ ಹೀಗೆ ನೋಡಿ: ಗುರುಗಳ ಹಳೆಯ ಶಿಷ್ಯರೊಬ್ಬರನ್ನು ಸರಳೆ ವರಸೆ, ಅಂದರೆ ಮೊಟ್ಟಮೊದಲ ಸ್ವರಪಾಠ, ನುಡಿಸಲು ಕೇಳಿ. ಕೃತಿ ಬೇಡ, ಸರಳೆಯೇ ಸಾಕು. ಕಮಾನು ನೇರವಾಗಿ ಓಡುತ್ತಿದೆಯೇ, ಸ್ವರ ತಂಬೂರಿಯ ಶ್ರುತಿಗೆ ಕೂಡುತ್ತಿದೆಯೇ, ಇಷ್ಟರಲ್ಲಿ ಪಾಠದ ಗುಣ ತಿಳಿಯುತ್ತದೆ. ಮೂರನೆಯ ತಿಂಗಳಿಗೇ ಶಾಲಾ ವಾರ್ಷಿಕೋತ್ಸವಕ್ಕೆಂದು ದೇವರನಾಮ ಹೇಳಿಕೊಡುವಲ್ಲಿ, “ಆರು ತಿಂಗಳಲ್ಲಿ ಡಿಪ್ಲೊಮಾ” ಎಂದು ಫಲಕ ಹಾಕಿದಲ್ಲಿ ಹೊಸ್ತಿಲು ದಾಟಬೇಡಿ.

ಆನ್‌ಲೈನ್ ಪಾಠ? ಮೊದಲ ವರ್ಷ ಖಂಡಿತ ಬೇಡ. ಕೈ ಕೂರಿಸುವುದನ್ನು ಪರದೆಯ ಮೇಲೆ ಮಾಡಲಾಗದು. ವರ್ಣ ಎಂಬ ರಚನೆಗಳ ಹಂತ (ಪಾಠಗಳ ಕ್ರಮ ಮುಂದಿದೆ) ತಲುಪಿದ ಮೇಲೆ, ಮೈಸೂರು ಅಥವಾ ಬೆಂಗಳೂರಿನ ಗುರುಗಳ ಬಳಿ ತಿಂಗಳಿಗೊಮ್ಮೆ ಖುದ್ದಾಗಿ ಹೋಗಿ ಉಳಿದ ವಾರಗಳಲ್ಲಿ ಮೊಬೈಲ್‌ನಲ್ಲಿ ಕಲಿಯುವುದು ನಡೆಯುತ್ತದೆ. ಇದಕ್ಕೆ ಎರಡು ಸೂಚನೆಗಳಿವೆ. ಝೂಮ್‌ನಂತಹ ಆ್ಯಪ್‌ಗಳು ತಂಬೂರಿಯ ನಾದವನ್ನು ಹಿನ್ನೆಲೆಯ ಗದ್ದಲವೆಂದು ತಿಳಿದು ಅಳಿಸಿಹಾಕುತ್ತವೆ, ಸೆಟ್ಟಿಂಗ್ಸ್‌ನಲ್ಲಿ ‘ಒರಿಜಿನಲ್ ಸೌಂಡ್’ ಆಯ್ಕೆ ಮಾಡಿಕೊಳ್ಳಿ. ಎರಡನೆಯದಾಗಿ, ದನಿ ತಡವಾಗಿ ಬರುವುದರಿಂದ ಗುರುಗಳ ಜೊತೆಗೇ ನುಡಿಸಲಾಗದು. ಅವರು ನುಡಿಸಿ ನಿಲ್ಲಿಸಿದ ಮೇಲೆ ನೀವು ನುಡಿಸಬೇಕು. ಮಳೆಗಾಲದಲ್ಲಿ ವಿದ್ಯುತ್ತು, ನೆಟ್‌ವರ್ಕ್ ಎರಡೂ ಕೈಕೊಡುವುದರಿಂದ ಪಾಠವನ್ನು ಧ್ವನಿಮುದ್ರಿಸಿ ಕಳುಹಿಸುವ ಏರ್ಪಾಡನ್ನೂ ಗುರುಗಳೊಂದಿಗೆ ಮಾಡಿಕೊಳ್ಳಿ.

4. ಪಾಠದ ಮೆಟ್ಟಿಲುಗಳು

ಕ್ರಮ ಎಲ್ಲರಿಗೂ ಒಂದೇ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ. ಆಮೇಲೆ ಏಳು ತಾಳಗಳ ಅಲಂಕಾರ, ಪುರಂದರದಾಸರ ಪಿಳ್ಳಾರಿ ಗೀತೆಗಳು, ಸ್ವರಜತಿ, ವರ್ಣ, ಕೃತಿ. ಅಲ್ಲಿಂದ ಮುಂದೆ ಮನೋಧರ್ಮ, ಅಂದರೆ ಮೊದಲೇ ರಚಿಸಿಟ್ಟದ್ದನ್ನು ನುಡಿಸದೆ ಆ ಕ್ಷಣದಲ್ಲಿ ಕಟ್ಟುವ ರಾಗಾಲಾಪನೆ, ನೆರವಲ್, ಕಲ್ಪನಾಸ್ವರ.

ಅಲಂಕಾರಗಳನ್ನು ಮೂರು ಕಾಲಗಳಲ್ಲಿ, ಅಂದರೆ ನಿಧಾನ, ಅದರ ದುಪ್ಪಟ್ಟು, ಅದರ ಮತ್ತೂ ದುಪ್ಪಟ್ಟು ವೇಗದಲ್ಲಿ, ತಾಳ ತಪ್ಪದೆ ನುಡಿಸುವವರೆಗೆ ಗೀತೆಗೆ ಹಾರಬೇಡಿ. ಮಕ್ಕಳಿಗಲ್ಲ, ತಂದೆತಾಯಿಗೆ ಇಲ್ಲಿ ಬೇಸರ ಬರುತ್ತದೆ. ನೆಂಟರು ಬಂದಾಗ ನುಡಿಸಲು ಒಂದು ಹಾಡೂ ಇಲ್ಲವಲ್ಲ ಎಂಬ ಬೇಸರ. ಅದನ್ನು ಮಗುವಿನ ಮೇಲೆ ಹಾಕಬೇಡಿ.

ಅಭ್ಯಾಸಕ್ಕೆ ದಿನಕ್ಕೆ ಮೂವತ್ತು ನಿಮಿಷದಿಂದ ಶುರುಮಾಡಿ, ವರ್ಣದ ಹೊತ್ತಿಗೆ ಒಂದೂವರೆ ಗಂಟೆಗೆ ಏರಿಸಿ. ಭಾನುವಾರ ನಾಲ್ಕು ಗಂಟೆ, ಉಳಿದ ದಿನ ಸೊನ್ನೆ ಎಂಬ ಲೆಕ್ಕ ನಡೆಯದು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮನೆಯವರೆಲ್ಲ ತೋಟದಲ್ಲಿರುತ್ತಾರೆ, ಮಕ್ಕಳ ಅಭ್ಯಾಸ ಬಿಟ್ಟುಹೋಗುವುದು ಆಗಲೇ. ಆ ದಿನಗಳಲ್ಲಿ ಬೆಳಗಿನ ಅರ್ಧ ಗಂಟೆಯನ್ನಾದರೂ ಉಳಿಸಿಕೊಡಿ. ಬೆರಳ ತುದಿ ಮೊದಲ ತಿಂಗಳುಗಳಲ್ಲಿ ನೋಯುವುದು ಸಹಜ, ಕ್ರಮೇಣ ಗಟ್ಟಿಯಾಗುತ್ತದೆ. ಭುಜ, ಬೆನ್ನು, ಮಣಿಕಟ್ಟು ನೋಯುವುದು ಸಹಜವಲ್ಲ. ಅದು ಕೂರುವ ಭಂಗಿಯ ದೋಷ, ಕೂಡಲೇ ಗುರುಗಳಿಗೆ ತಿಳಿಸಿ.

5. ಮಳೆಗಾಲದಲ್ಲಿ ವಾದ್ಯ ಕಾಯುವುದು

ಮೈಸೂರಿನವರು ಬರೆದ ಸಲಹೆಗಳಲ್ಲಿ ಇದಕ್ಕೆ ಎರಡು ಸಾಲು ಇರುತ್ತದೆ. ನಮಗೆ ಎರಡು ಸಾಲು ಸಾಲದು.

ಮರ ತೇವ ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿರಡೆಗಳು ಉಬ್ಬಿ ಕಚ್ಚಿಕೊಳ್ಳುತ್ತವೆ, ಫೆಬ್ರವರಿಯ ಬಿಸಿಲಿಗೆ ಅವೇ ಜಾರುತ್ತವೆ. ಕಚ್ಚಿಕೊಂಡ ಬಿರಡೆಯನ್ನು ಇಕ್ಕಳ ಹಾಕಿ ತಿರುಗಿಸಿದರೆ ಮುರಿಯುತ್ತದೆ. ವಾದ್ಯವನ್ನು ಒಣ ಕೋಣೆಯಲ್ಲಿ ಒಂದು ದಿನ ಇಟ್ಟು ನಿಧಾನವಾಗಿ ಪ್ರಯತ್ನಿಸಿ. ಬಿಸಿಲುಗಾಲ ಬಂದಾಗ ಸೀಮೆಸುಣ್ಣದ ಪುಡಿ ಸ್ವಲ್ಪ ಸವರಿದರೆ ಜಾರುವುದು ಕಡಿಮೆಯಾಗುತ್ತದೆ.

ಪಿಟೀಲಿನ ಹಲಗೆಗಳನ್ನು ಕೂಡಿಸುವುದು ಪ್ರಾಣಿಜನ್ಯ ಅಂಟಿನಿಂದ. ರಿಪೇರಿಗೆ ಬಿಚ್ಚಲು ಬರಲಿ ಎಂದೇ ಆ ಅಂಟು. ಅತಿ ತೇವಕ್ಕೂ ಅತಿ ಶಾಖಕ್ಕೂ ಅದು ಬಿಡುತ್ತದೆ. ಅಂಚಿನಲ್ಲಿ ಕೂದಲೆಳೆಯ ಬಿರುಕು ಕಂಡರೆ, ಅಥವಾ ನುಡಿಸುವಾಗ ಒಳಗೆ ಏನೋ ಗುಂಯ್‌ಗುಟ್ಟಿದರೆ, ಫೆವಿಕಾಲ್ ಹಚ್ಚಬೇಡಿ! ತಂತಿಗಳನ್ನು ಸ್ವಲ್ಪ ಸಡಿಲಿಸಿ ರಿಪೇರಿಯವರಿಗೆ ಕೊಡಿ. ಎಲ್ಲ ತಂತಿಗಳನ್ನೂ ಒಮ್ಮೆಗೇ ಪೂರ್ತಿ ಬಿಚ್ಚಿದರೆ ಕುದುರೆ ಬೀಳುತ್ತದೆ, ಒಳಗೆ ನಿಲ್ಲಿಸಿರುವ ಪುಟ್ಟ ಕಡ್ಡಿಯೂ ಬೀಳಬಹುದು. ಕುದುರೆ ಎಂದರೆ ತಂತಿಗಳನ್ನು ಎತ್ತಿಹಿಡಿಯುವ ಮರದ ತುಂಡು. ಕಡ್ಡಿ ಬಿದ್ದರೆ ಅದನ್ನು ಕೂರಿಸುವುದು ಮನೆಯ ಕೆಲಸವಲ್ಲ.

ಕಮಾನಿನ ಕುದುರೆಗೂದಲು ತೇವಕ್ಕೆ ಉದ್ದವಾಗುತ್ತದೆ, ಒಣಗಿದರೆ ಬಿಗಿಯುತ್ತದೆ. ಪ್ರತಿ ಸಲ ನುಡಿಸಿದ ಮೇಲೆ ತಿರುಪು ಸಡಿಲಿಸಿ ಇಡಿ. ಬಿಗಿಯಾಗಿಯೇ ಬಿಟ್ಟ ಕಮಾನಿನ ಕೋಲು ಡೊಂಕಾಗುತ್ತದೆ. ರಾಳ ಹಚ್ಚಿದ ಕೂದಲನ್ನು ಬೆರಳಿನಿಂದ ಮುಟ್ಟಬೇಡಿ. ಉಕ್ಕಿನ ತಂತಿಗಳನ್ನು ಪ್ರತಿದಿನ ಒಣ ಹತ್ತಿ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಆಗಸ್ಟ್‌ಗೆ ತುಕ್ಕು.

ಇಡುವ ಜಾಗ? ಒಲೆಯ ಪಕ್ಕದ ಅಟ್ಟ ಬೆಚ್ಚಗಿರುತ್ತದೆ ಎಂದು ಅಲ್ಲಿ ಇಡುವವರಿದ್ದಾರೆ. ಹೊಗೆ ಮತ್ತು ಒಮ್ಮೆಗೇ ಏರುವ ಶಾಖ ಎರಡೂ ಕೆಟ್ಟವು, ವೀಣೆಯ ಮೇಳವಂತೂ ಶಾಖಕ್ಕೆ ಮೆತ್ತಗಾಗಿ ಮೆಟ್ಟಿಲುಗಳು ಜಾಗ ಬಿಡುತ್ತವೆ. ಹೊರಗೋಡೆಗೆ ತಾಗಿಸಿಯೂ ಇಡಬೇಡಿ. ಒಳಕೋಣೆಯಲ್ಲಿ, ನೆಲದಿಂದ ಎತ್ತರದಲ್ಲಿ, ಗಟ್ಟಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲಗಳ ಜೊತೆ ಇಡಿ, ಅವುಗಳನ್ನು ಆಗಾಗ ಬದಲಿಸಿ. ತೇವಾಂಶ ಅಳೆಯುವ ಚಿಕ್ಕ ಮಾಪಕ ಈಗ ಸುಲಭವಾಗಿ ಸಿಗುತ್ತದೆ. ಪೆಟ್ಟಿಗೆಯೊಳಗೆ ಶೇಕಡಾ 40ರಿಂದ 60 ಇದ್ದರೆ ಕ್ಷೇಮ. ಎಲ್ಲಕ್ಕಿಂತ ಒಳ್ಳೆಯ ಕಾವಲು ದಿನವೂ ನುಡಿಸುವುದು. ಮುಚ್ಚಿಟ್ಟ ಪೆಟ್ಟಿಗೆಯಲ್ಲೇ ಬೂಷ್ಟು ಹಿಡಿಯುತ್ತದೆ.

6. ಪರೀಕ್ಷೆ ಮತ್ತು ಶಿಷ್ಯವೇತನ

ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಸಂಗೀತ ಪರೀಕ್ಷೆಗಳಿವೆ. ಮೊದಲು ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿದ್ದ ಇವುಗಳ ಹೊಣೆ ಈಗ ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಆಯಾ ವರ್ಷದ ಪ್ರಕಟಣೆ ನೋಡಿಯೇ ಅರ್ಜಿ ಹಾಕಿ. ಪರೀಕ್ಷೆಗಳು ಬೇಕು, ಆದರೆ ಅದೇ ಗುರಿಯಾಗದಿರಲಿ. ಪಠ್ಯದ ಕೃತಿಗಳನ್ನಷ್ಟೇ ತಿದ್ದಿ ಉನ್ನತ ಶ್ರೇಣಿ ಪಡೆದವರು ಕಚೇರಿಯಲ್ಲಿ ಗಾಯಕರು ಅಪರಿಚಿತ ರಾಗ ಎತ್ತಿಕೊಂಡ ಕೂಡಲೇ ಕಂಗಾಲಾಗುತ್ತಾರೆ.

ಶಿಷ್ಯವೇತನಗಳಲ್ಲಿ ಎರಡನ್ನು ಗಮನಿಸಿ. 10ರಿಂದ 14 ವರ್ಷದ ಮಕ್ಕಳಿಗೆ ಸಿಸಿಆರ್‌ಟಿ ಎಂಬ ಕೇಂದ್ರ ಸಂಸ್ಥೆಯ ಪ್ರತಿಭಾನ್ವೇಷಣೆ ಯೋಜನೆ ಇದೆ. 18ರಿಂದ 25 ವರ್ಷದವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವೇತನ ಎರಡು ವರ್ಷ ಸಿಗುತ್ತದೆ, ಅದಕ್ಕೆ ಗುರುಗಳ ಬಳಿ ಕನಿಷ್ಠ ಐದು ವರ್ಷ ಕಲಿತಿರಬೇಕು. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯೂ ಶಿಷ್ಯವೇತನ ಕೊಡುತ್ತದೆ. ಕಲಿಕೆ ಆರಂಭಿಸಿದ ದಿನಾಂಕವಿರುವ ಪತ್ರವನ್ನು ಗುರುಗಳಿಂದ ಮೊದಲ ವರ್ಷವೇ ಬರೆಸಿ ಕಡತದಲ್ಲಿಡಿ. ಹತ್ತು ವರ್ಷದ ಬಳಿಕ ಅದನ್ನು ಹುಡುಕುವ ಕಷ್ಟ ಬೇಡ.

7. ಜಿಲ್ಲೆ ಬಿಡುವುದು ಯಾವಾಗ?

ಹತ್ತನೇ ತರಗತಿಗೆ ಮೊದಲು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ರೈಲಿಲ್ಲ, ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಹನ್ನೆರಡರ ಮಗುವನ್ನು ಪ್ರತಿ ಶನಿವಾರ ಹೋಗಿ ಬರುವಂತೆ ಮಾಡಿದರೆ ಆರು ತಿಂಗಳಲ್ಲಿ ಅದಕ್ಕೆ ಪಿಟೀಲು ಬೇಡವಾಗುತ್ತದೆ. ಪಿಯುಸಿಗೆ ಮೈಸೂರಿಗೆ ಹೋಗುವುದು ಹೊಂದುತ್ತದೆ. ಅಷ್ಟರಲ್ಲಿ ನಾಲ್ಕಾರು ವರ್ಣ, ಹತ್ತಿಪ್ಪತ್ತು ಕೃತಿ ಕೈಯಲ್ಲಿದ್ದರೆ ದೊಡ್ಡ ಗುರುಗಳು ತೆಗೆದುಕೊಳ್ಳುತ್ತಾರೆ.

ಹಾಸ್ಟೆಲ್ ಹುಡುಕುವಾಗ ಅಭ್ಯಾಸಕ್ಕೆ ಅವಕಾಶವಿದೆಯೇ ಎಂದು ಮೊದಲು ಕೇಳಿ. ನಾಲ್ವರು ಮಲಗುವ ಕೋಣೆಯಲ್ಲಿ ಬೆಳಗಿನ ಐದಕ್ಕೆ ಪಿಟೀಲು ನುಡಿಸಲಾಗದು. ಗುರುಗಳ ಮನೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಕೋಣೆ ಸಿಕ್ಕರೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಅದೇ ಲಾಭ.

ಪದವಿಯ ವಿಷಯ. ಮೈಸೂರು ವಿಶ್ವವಿದ್ಯಾನಿಲಯದ ಲಲಿತಕಲಾ ಕಾಲೇಜು ಮತ್ತು ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯದಲ್ಲಿ ಸಂಗೀತವನ್ನೇ ಪದವಿಯಾಗಿ ಓದಬಹುದು. ಇಲ್ಲವೇ ಬಿ.ಕಾಂ., ಬಿ.ಎಸ್ಸಿ. ಓದುತ್ತ ಸಂಜೆ ಗುರುಗಳ ಬಳಿ ಕಲಿಯಬಹುದು. ಅಧ್ಯಾಪಕರಾಗುವ ಆಸೆ ಇದ್ದರೆ ಮೊದಲನೆಯದು, ಕಚೇರಿಯ ಆಸೆ ಇದ್ದರೆ ಎರಡನೆಯದಾದರೂ ಸರಿ. ವೇದಿಕೆಯಲ್ಲಿ ಪದವಿಪತ್ರ ಯಾರೂ ಕೇಳುವುದಿಲ್ಲ.

ಮೈಸೂರಿನಲ್ಲಿರುವಾಗ ಕೇಳ್ಮೆಯನ್ನು ಬಿಡಬೇಡಿ. ಗಾನಭಾರತಿಯ ಕಚೇರಿಗಳು, ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್‌ನ ಗಣೇಶೋತ್ಸವ, ಅರಮನೆ ಮುಂದಿನ ದಸರಾ ಕಛೇರಿ, ಬೆಂಗಳೂರಿನ ಕೋಟೆ ಪ್ರೌಢಶಾಲಾ ಮೈದಾನದ ರಾಮನವಮಿ ಉತ್ಸವ. ಪಕ್ಕವಾದ್ಯದವರು ಗಾಯಕರ ಮುಖವನ್ನು ಹೇಗೆ ಗಮನಿಸುತ್ತಾರೆ, ಎಲ್ಲಿ ಕಮಾನು ಎತ್ತಿ ಸುಮ್ಮನಿರುತ್ತಾರೆ ಎಂಬುದನ್ನು ಮುಂದಿನ ಸಾಲಿನಲ್ಲಿ ಕುಳಿತು ನೋಡಿಯೇ ಕಲಿಯಬೇಕು.

8. ದುಡಿಮೆಯ ದಾರಿಗಳು

ಬರೀ ಕಚೇರಿಯಿಂದ ಬದುಕುವವರು ಕೆಲವರೇ. ಹೆಚ್ಚಿನವರ ಆದಾಯ ನಾಲ್ಕೈದು ಕಡೆಯಿಂದ ಕೂಡುತ್ತದೆ.

ಪಾಠ ಹೇಳುವುದು ಮೊದಲ ಆಸರೆ. ಕೊಡಗಿನಲ್ಲಿ ಕಲಿಸುವವರು ಕಡಿಮೆ ಇರುವುದರಿಂದ ಕಲಿತು ಮರಳಿ ಬಂದವರಿಗೆ ಶಿಷ್ಯರ ಕೊರತೆ ಆಗದು. ಭರತನಾಟ್ಯದ ಹಿಮ್ಮೇಳ ಎರಡನೆಯದು. ರಂಗಪ್ರವೇಶಗಳಿಗೆ ಪಿಟೀಲು ಬೇಕು, ವೀಣೆಗೂ ಅಲ್ಲಿ ಜಾಗವಿದೆ. ಹಲವು ದಿನದ ತಾಲೀಮು ಇರುವುದರಿಂದ ಸಂಭಾವನೆಯಲ್ಲಿ ತಾಲೀಮಿನ ದಿನಗಳೂ ಸೇರಿವೆಯೇ ಎಂದು ಒಪ್ಪುವ ಮೊದಲೇ ಕೇಳಿ. ಇದನ್ನು ಕೇಳಲು ನಾಚಿ ನಷ್ಟ ಮಾಡಿಕೊಳ್ಳುವವರೇ ಹೆಚ್ಚು.

ಆಕಾಶವಾಣಿ ಕಲಾವಿದರನ್ನು ಬಿ, ಬಿ ಹೈ, ಎ, ಟಾಪ್ ಎಂದು ಶ್ರೇಣೀಕರಿಸುತ್ತದೆ. ಶ್ರೇಣಿ ಸಿಕ್ಕರೆ ಕಾರ್ಯಕ್ರಮದ ಜೊತೆಗೆ ಸಭೆಗಳವರ ವಿಶ್ವಾಸವೂ ಸಿಗುತ್ತದೆ. ಮಡಿಕೇರಿಯಲ್ಲೇ ಆಕಾಶವಾಣಿ ಕೇಂದ್ರವಿದೆ, ಆಡಿಷನ್ ಎಲ್ಲಿ, ಯಾವಾಗ ಎಂದು ಅಲ್ಲೇ ವಿಚಾರಿಸಿ. ಆಡಿಷನ್‌ನಲ್ಲಿ ದೊಡ್ಡ ಕೃತಿ ತೋರಿಸುವ ಹಂಬಲಕ್ಕಿಂತ ಶ್ರುತಿ ಮುಖ್ಯ. ಸಿದ್ಧಮಾಡಿಕೊಂಡ ರಾಗಗಳಲ್ಲಿ ಯಾವುದನ್ನು ಕೇಳಿದರೂ ನುಡಿಸುವಂತಿರಿ.

ಸರ್ಕಾರಿ ನೌಕರಿ ಬಯಸುವವರಿಗೆ ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆಗಳಿವೆ. ನಮ್ಮ ಗಾಳಿಬೀಡಿನಲ್ಲೇ ಒಂದು ನವೋದಯವಿದೆ. ಇವಕ್ಕೆ ಸಂಗೀತದ ಪದವಿ ಕೇಳುತ್ತಾರೆ. ಕಾಲೇಜು ಅಧ್ಯಾಪಕರಾಗಲು ಸ್ನಾತಕೋತ್ತರ ಪದವಿಯ ಮೇಲೆ ಯುಜಿಸಿಯ ನೆಟ್ ಪರೀಕ್ಷೆ, ಅದರಲ್ಲಿ ಸಂಗೀತವೂ ಒಂದು ವಿಷಯ.

ಸೇನೆಯ ಮನೆಗಳಿರುವ ನಮ್ಮ ಜಿಲ್ಲೆಯಲ್ಲಿ ಹೆಚ್ಚು ಜನ ಗಮನಿಸದ ಒಂದು ದಾರಿ ನೌಕಾಪಡೆಯ ಬ್ಯಾಂಡ್. ಹತ್ತನೇ ತರಗತಿ ಮುಗಿಸಿ, ಒಂದು ವಾದ್ಯವನ್ನು ಶ್ರುತಿ ಮಾಡಿ ನುಡಿಸಬಲ್ಲ ಅವಿವಾಹಿತ ಯುವಜನರನ್ನು ನೌಕಾಪಡೆ ಸಂಗೀತಗಾರರಾಗಿ ಅಗ್ನಿಪಥ ಯೋಜನೆಯಡಿ ಸೇರಿಸಿಕೊಳ್ಳುತ್ತದೆ. ಅವಧಿ ನಾಲ್ಕು ವರ್ಷ ಎಂಬುದನ್ನು ಮರೆಯಬೇಡಿ, ಖಾಯಂ ಆಗುವುದು ಕೆಲವರಷ್ಟೇ.

ಪಾಶ್ಚಾತ್ಯ ಪಿಟೀಲು ಕಲಿತವರಿಗೆ ಶ್ರೇಣಿ 1ರಿಂದ 8ರವರೆಗೆ ಬ್ರಿಟನ್ನಿನ ಪರೀಕ್ಷಾ ಸಂಸ್ಥೆಗಳಾದ ಟ್ರಿನಿಟಿ ಮತ್ತು ಎಬಿಆರ್‌ಎಸ್‌ಎಂ ಪರೀಕ್ಷೆಗಳಿವೆ. ಪೂರ್ಣ ಪ್ರಮಾಣದ ವೃತ್ತಿಪರ ವಾದ್ಯವೃಂದ ಎಂದರೆ ದೇಶದಲ್ಲಿ ಮುಂಬೈನ ಕಲಾಸಂಸ್ಥೆ ಎನ್‌ಸಿಪಿಎ 2006ರಲ್ಲಿ ಕಟ್ಟಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಅಲ್ಲಿಯೂ ವಿದೇಶಿ ವಾದಕರು ಬಹಳ. ಈ ಹಾದಿ ಹಿಡಿಯುವವರು ನಗರದಲ್ಲೇ ನೆಲೆಸಬೇಕು, ಮುಂದೆ ವಿದೇಶದ ಓದಿನ ಖರ್ಚನ್ನೂ ಲೆಕ್ಕ ಹಾಕಬೇಕು.

ಕಚೇರಿಗೆ ಮರಳಿ ಬರೋಣ. ಪಕ್ಕವಾದ್ಯಕ್ಕೆ ಕರೆ ಬಂದಾಗ ಗಾಯಕರ ಶ್ರುತಿ ಯಾವುದು ಎಂದು ಫೋನಿನಲ್ಲೇ ಕೇಳಿ. ಪುರುಷ ಗಾಯಕರು ಸಾಮಾನ್ಯವಾಗಿ ಸಿ ಆಸುಪಾಸು, ಮಹಿಳೆಯರು ಜಿ ಆಸುಪಾಸು ಹಾಡುತ್ತಾರೆ. ಒಂದೇ ತಂತಿಗಳನ್ನು ಅಷ್ಟು ಏರಿಸಿ ಇಳಿಸಿದರೆ ವೇದಿಕೆಯಲ್ಲೇ ತುಂಡಾಗುತ್ತವೆ, ಆದ್ದರಿಂದ ಒಂದು ಜೊತೆ ಹೆಚ್ಚುವರಿ ತಂತಿ ಪೆಟ್ಟಿಗೆಯಲ್ಲಿರಲಿ. ಪ್ರಯಾಣದ ಖರ್ಚು ಸಂಭಾವನೆಯಿಂದ ಬೇರೆ ಎಂದು ಆಗಲೇ ಮಾತಾಡಿಕೊಳ್ಳಿ. ಕೊಡಗಿನಿಂದ ಹೋಗುವ ಕಲಾವಿದರು ದಾರಿಗೇ ಒಂದು ದಿನ ಕಳೆಯುತ್ತಾರೆ ಎಂಬುದು ಸಂಘಟಕರಿಗೆ ನೆನಪಿರುವುದಿಲ್ಲ. ಒಪ್ಪಿಕೊಂಡ ಕಾರ್ಯಕ್ರಮಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಾದರೆ ಹಿಂದಿನ ರಾತ್ರಿಯೇ ಊರು ಬಿಡಿ. ರಸ್ತೆಯ ಮೇಲೆ ಮರ ಬಿತ್ತು, ಮಣ್ಣು ಕುಸಿಯಿತು ಎಂಬ ಕಾರಣ ನಿಜವೇ ಆದರೂ, ಎರಡನೆಯ ಸಲ ಹೇಳಿದರೆ ಸಂಘಟಕರು ಮೈಸೂರಿನವರನ್ನೇ ಕರೆಯುತ್ತಾರೆ.